ಗುಡ್ಡೆಗೆ ಹೋದ ದನಗಳನ್ನು ಯಾರು ನೋಡುತ್ತಾರೆ?

ದನ ಕಾಯುವುದು ಬೇರೆ, ದನ ನೋಡಿಕೊಂಡು ಬರುವುದು ಬೇರೆ. ಕಾಯುವವರು ಕೈಯಲ್ಲೊಂದು ಕೋಲು ಹಿಡಿದು ಬೆಳಗಿನಿಂದ ಸಂಜೆಯ ತನಕ ದನಗಳ ಹಿಂದೆಯೇ ಇರುತ್ತಾರೆ. ಗೋಕುಲದಲ್ಲಿ ಕೃಷ್ಣ ಮಾಡಿದ್ದು ಆ ಕೆಲಸ. ನೋಡಿಕೊಂಡು ಬರುವವರಿಗೆ ಅಷ್ಟು ಪುರುಸೊತ್ತೂ ಇಲ್ಲ, ಊದಲಿಕ್ಕೆ ಕೊಳಲೂ ಇಲ್ಲ. ಒಲೆಯ ಮೇಲೆ ಕುಚ್ಚಲಕ್ಕಿ ಬೇಯಲು ಇಟ್ಟು, ಬೆಂಕಿ ಸಣ್ಣಗೆ ಮಾಡಿ, ಗುಡ್ಡೆ ಹತ್ತಬೇಕು. ನಮ್ಮ ದನ ಎಲ್ಲಿವೆ, ಎಷ್ಟಿವೆ, ಹೇಗಿವೆ ಅಂತ ಕಣ್ಣಲ್ಲೇ ಲೆಕ್ಕ ಹಾಕಿ, ಅನ್ನ ತಳ ಹಿಡಿಯುವ ಮೊದಲು ಮನೆ ಸೇರಬೇಕು. ಈ ಎರಡನೆಯ ಕೆಲಸಕ್ಕೆ ಯಾವ ಪುರಾಣದಲ್ಲೂ ಹೆಸರಿಲ್ಲ. ನಮ್ಮ ಕಡೆ ಇದನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ಅದಕ್ಕೇ ಹೆಸರಿಲ್ಲವೋ ಏನೋ!

ವೇಣೂರು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಫಲ್ಗುಣಿ ನದಿಯ ದಂಡೆಯ ಬಾಹುಬಲಿ. 1604ರಲ್ಲಿ ಅಜಿಲ ಅರಸು ಮನೆತನದ ತಿಮ್ಮಣ್ಣಾಜಿಲರು ನಿಲ್ಲಿಸಿದ 35 ಅಡಿಯ ಮೂರ್ತಿ. 2024ರಲ್ಲಿ ಮಹಾಮಸ್ತಕಾಭಿಷೇಕವಾದಾಗ ನಿಮ್ಮಲ್ಲಿ ಎಷ್ಟೋ ಜನ ಬಂದು ಹೋಗಿರಬಹುದು. ಪೇಟೆಯಿಂದ ಸ್ವಲ್ಪ ಒಳಗೆ ಬಂದರೆ ನಮ್ಮ ಮನೆ. ಕೆಳಗೆ ಬೈಲಿನಲ್ಲಿ ಗದ್ದೆ, ಅದರ ಅಂಚಿಗೆ ಒಂದಿಷ್ಟು ಅಡಿಕೆ ತೋಟ, ಮನೆಯ ಹಿಂದೆ ಹಟ್ಟಿ. ಹಟ್ಟಿ ಎಂದರೆ ನಮ್ಮಲ್ಲಿ ದನದ ಕೊಟ್ಟಿಗೆ. ಹಟ್ಟಿಯ ಹಿಂದಿನಿಂದ ಏರುವುದೇ ಗುಡ್ಡೆ.

ಗುಡ್ಡೆ ಎಂದರೆ ಮಲೆನಾಡಿನ ಹಸಿರು ಕಾಡನ್ನು ಕಲ್ಪಿಸಿಕೊಳ್ಳಬೇಡಿ. ಇದು ಮುರಕಲ್ಲಿನ ಪದವು. ಮೇಲೆ ಕೆಂಪು ಕಲ್ಲು, ಅದರ ಮೇಲೆ ಒಂದು ಗೇಣು ಮಣ್ಣು, ಕೆಲವು ಕಡೆ ಅದೂ ಇಲ್ಲ. ಬೇಸಿಗೆಯಲ್ಲಿ ಅಂಗಾಲು ಸುಡುತ್ತದೆ. ಮಳೆ ಬಿದ್ದ ಹತ್ತೇ ದಿನಕ್ಕೆ ಅದೇ ಕಲ್ಲಿನ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ಹುಲ್ಲು. ಅಲ್ಲಲ್ಲಿ ಕೇಪಳದ ಪೊದೆ, ಕುಂಟಾಲ, ನೆಕ್ಕರೆ, ಗೇರುಮರ. ನಡುವೆ ಒಂದು ಮದಕ. ಮಳೆನೀರು ನಿಲ್ಲುವ ಆ ಹಳೆಯ ಕೆರೆಗೆ ದನಗಳು ಮಧ್ಯಾಹ್ನ ನೀರಿಗೆ ಬರುತ್ತವೆ. ಮಳೆ ಮುಗಿದ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗುತ್ತದೆ. ಹಿಂದೆ ಮನೆಗೆ ಹೊದೆಸುತ್ತಿದ್ದದ್ದು ಆ ಹುಲ್ಲನ್ನೇ.

ನಾನು ಬಂಟ್ವಾಳ ಪೇಟೆಯಲ್ಲಿ ಬೆಳೆದವಳು. ಎಸ್ಸೆಸ್ಸೆಲ್ಸಿ ಮುಗಿಸಿ ನಾಲ್ಕು ವರ್ಷಕ್ಕೆ ಮದುವೆಯಾಗಿ ಇಲ್ಲಿಗೆ ಬಂದೆ. ನನ್ನ ತವರಿನಲ್ಲಿ ಹಾಲು ಬರುತ್ತಿದ್ದದ್ದು ಪ್ಯಾಕೆಟ್ಟಿನಲ್ಲಿ. ಇಲ್ಲಿ ಬಂದ ಮರುವಾರವೇ ನಮ್ಮ ಅತ್ತೆ ನನ್ನನ್ನು ಗುಡ್ಡೆಗೆ ಕರೆದುಕೊಂಡು ಹೋದರು. ಹೋದವರು ಒಂದು ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. "ಎಣಿಸು" ಅಂದರು. ಎಣಿಸಿದೆ. ಏಳು ಅಂದೆ. "ಅದರಲ್ಲಿ ನಮ್ಮದು ಎಷ್ಟು?" ಅಂದರು. ಅಲ್ಲಿಂದ ಶುರುವಾಯಿತು ನನ್ನ ಪಾಠ. ಈಗ ಅತ್ತೆಗೆ ಎಂಬತ್ತು ಹತ್ತಿರ. ಮೊಣಕಾಲು ಗುಡ್ಡೆ ಹತ್ತುವುದಿಲ್ಲ. ಆದರೆ ಸಂಜೆ ದನಗಳು ಇಳಿದು ಬರುವಾಗ ಚಾವಡಿಯಲ್ಲಿ ಕುಳಿತೇ ಗಂಟೆಯ ಸದ್ದು ಕೇಳಿ, "ಬೊಳ್ಳಿ ಹಿಂದೆ ಉಳಿದಿದ್ದಾಳೆ, ನೋಡು" ಅನ್ನುತ್ತಾರೆ. ಹೋಗಿ ನೋಡಿದರೆ ಹೌದೇ ಹೌದು.

ಸರಕಾರದ ಗುಡ್ಡೆಯಲ್ಲಿ ನಿಮ್ಮ ದನ ಮೇಯಲಿಕ್ಕೆ ಯಾರು ಅಪ್ಪಣೆ ಕೊಟ್ಟದ್ದು ಅಂತ ನೀವು ಕೇಳಬಹುದು. ಘಟ್ಟದ ಮೇಲಿನ ಊರುಗಳಲ್ಲಿ ಗೋಮಾಳ ಇರುತ್ತದೆ. ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಮೇಯಲಿಕ್ಕೆ ಬಿಡಬೇಕು ಅಂತ ಭೂಕಂದಾಯದ ನಿಯಮವೇ ಉಂಟು. ನಮ್ಮ ದಕ್ಷಿಣ ಕನ್ನಡದಲ್ಲಿ ಅದರ ಜೊತೆಗೆ ಕುಮ್ಕಿ ಎಂಬುದೊಂದು ಇದೆ. ಹಳೆಯ ವರ್ಗ ಜಮೀನು, ಅಂದರೆ 1866ಕ್ಕೂ ಮೊದಲೇ ತೀರ್ವೆಗೆ ಒಳಪಟ್ಟ ಕದೀಂ ವರ್ಗ ಇದ್ದವರಿಗೆ, ಜಮೀನಿನ ಅಂಚಿನಿಂದ ನೂರು ಗಜದ ತನಕ ಇರುವ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯಲು, ಹುಲ್ಲು ತರಲು, ದನ ಮೇಯಿಸಲು ಅವಕಾಶ. 1964ರ ಭೂಕಂದಾಯ ಕಾಯಿದೆಯ 79ನೇ ಕಲಮಿನಲ್ಲಿ ಈ ಸೌಲಭ್ಯವನ್ನು ಹಾಗೆಯೇ ಉಳಿಸಿದ್ದಾರೆ. ಜಾಗ ನಮ್ಮದಲ್ಲ, ಸೌಲಭ್ಯ ಮಾತ್ರ ನಮ್ಮದು. ದನಕ್ಕೆ ಗಜದ ಲೆಕ್ಕ ಗೊತ್ತಿಲ್ಲವಲ್ಲ! ಅದು ನಮ್ಮ ಕುಮ್ಕಿ ದಾಟಿ, ಪಕ್ಕದ ಮನೆಯವರ ಕುಮ್ಕಿ ದಾಟಿ, ಆಚೆಯ ಪದವಿನಲ್ಲಿ ನಿಂತಿರುತ್ತದೆ. ಅವರ ದನ ನಮ್ಮ ಕಡೆ ನಿಂತಿರುತ್ತದೆ. ಹೀಗೇ ನಡೆದುಕೊಂಡು ಬಂದದ್ದು.

ನಮ್ಮದು ಊರ ದನ. ಪೇಪರಿನವರು ಮಲೆನಾಡು ಗಿಡ್ಡ ಅಂತ ಬರೆಯುತ್ತಾರೆ. ಹರಿಯಾಣದ ಕರ್ನಾಲದಲ್ಲಿರುವ ಪಶು ತಳಿಗಳ ರಾಷ್ಟ್ರೀಯ ಸಂಸ್ಥೆ 2012ರಲ್ಲಿ ಇದನ್ನು ಪ್ರತ್ಯೇಕ ತಳಿ ಅಂತ ದಾಖಲು ಮಾಡಿಕೊಂಡಿತಂತೆ. ಅತ್ತೆಗೆ ಹೇಳಿದಾಗ, "ಇಷ್ಟು ದಿನ ಎಂಥ ಅಂತ ತಿಳಿದಿದ್ದರು, ಆಡು ಅಂತವಾ?" ಅಂತ ನಕ್ಕರು. ನಿಂತರೆ ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ, ಅಷ್ಟೇ. ಹಾಲು ಹೊತ್ತಿಗೆ ಅರ್ಧ ಲೀಟರು, ಒಳ್ಳೆಯದಿದ್ದರೆ ಒಂದು. ಆದರೆ ಆ ಸಣ್ಣ ಗೊರಸು ಮುರಕಲ್ಲಿನ ಮೇಲೆ ಜಾರುವುದಿಲ್ಲ. ಆಷಾಢದ ಮಳೆಯಲ್ಲಿ ನೆನೆದರೂ ಕೆಮ್ಮುವುದಿಲ್ಲ. ನಮ್ಮ ಮನೆಯಲ್ಲಿ ಜೆರ್ಸಿ ಕಟ್ಟಿದರೆ ಅದಕ್ಕೆ ಫ್ಯಾನು ಬೇಕು, ಹಿಂಡಿ ಬೇಕು, ಡಾಕ್ಟರು ಬೇಕು. ಇವಕ್ಕೆ ಬೇಕಾದದ್ದು ಬೆಳಿಗ್ಗೆ ಹಗ್ಗ ಬಿಚ್ಚುವವರು, ಸಂಜೆ ಅಕ್ಕಚ್ಚು ಇಡುವವರು. ಮತ್ತೆ ನಡುವೆ ಒಮ್ಮೆ ನೋಡಿಕೊಂಡು ಬರುವವರು.

ಹಾಗಾದರೆ ನೋಡುವುದು ಎಂದರೆ ಏನು ನೋಡುವುದು? ನಿಮ್ಮಲ್ಲೂ ಹಟ್ಟಿ ಇದ್ದರೆ ಉಪಯೋಗವಾದೀತು ಅಂತ ಅತ್ತೆ ಕಲಿಸಿದ್ದನ್ನು ಹೇಳುತ್ತೇನೆ.

ಮೊದಲು ಹತ್ತಿರ ಹೋಗಬಾರದು. ಹತ್ತಿರ ಹೋದರೆ ಮಲಗಿದ ದನ ಎದ್ದು ನಿಲ್ಲುತ್ತದೆ, ನಿಂತದ್ದು ನಮ್ಮ ಕೈಯಲ್ಲಿ ಏನಾದರೂ ಉಂಟಾ ಅಂತ ಮೂಸಲು ಬರುತ್ತದೆ. ಮತ್ತೆ ಯಾವುದು ಹುಷಾರಿದೆ, ಯಾವುದು ಇಲ್ಲ ಅಂತ ಗೊತ್ತಾಗುವುದಿಲ್ಲ. ದೂರ ನಿಂತು ನೋಡಬೇಕು. ಎಲ್ಲ ಮೇಯುತ್ತಿರುವಾಗ ಒಂದೇ ಒಂದು ಬೇರೆ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ನಿಂತಿದ್ದರೆ ಅದರ ಮೇಲೆ ಕಣ್ಣಿಡಬೇಕು. ಮಲಗಿದ್ದು ಮೆಲುಕು ಹಾಕುತ್ತಿದೆಯೋ ಇಲ್ಲವೋ ನೋಡಬೇಕು. ಕಿವಿ ಜೋತು ಬಿದ್ದಿದ್ದರೆ, ಮೂಗಿನ ತುದಿ ಒಣಗಿದ್ದರೆ ಜ್ವರ. ಎಡಗಡೆಯ ಪಕ್ಕೆಯ ಹಿಂದಿನ ಗುಂಡಿ ತುಂಬಿ ಡೋಲಿನ ಹಾಗೆ ಉಬ್ಬಿದ್ದರೆ ಹೊಟ್ಟೆಯುಬ್ಬರ. ಅದಕ್ಕೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಆಗಲೇ ಡಾಕ್ಟರಿಗೆ ಹೇಳಬೇಕು. ಈಗ 1962ಕ್ಕೆ ಫೋನು ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಬರುವ ವ್ಯವಸ್ಥೆಯೂ ಇದೆ. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಾ ಕಾಲು ಎತ್ತಿ ಇಡುತ್ತಿದ್ದರೆ ಕಾಲುಬಾಯಿ ಜ್ವರವಿರಬಹುದು. ಅದನ್ನು ಉಳಿದವುಗಳ ಜೊತೆ ಬಿಡಬಾರದು, ಪಕ್ಕದ ಮನೆಗಳಿಗೂ ಹೇಳಿಬಿಡಬೇಕು. ನಾಚಿಕೆ ಎಂಥದು? 2022ರಲ್ಲಿ ರಾಜ್ಯವನ್ನೆಲ್ಲ ಕಾಡಿದ ಚರ್ಮಗಂಟು ರೋಗದ ಸಮಯ ನಾವು ಮೂರು ಮನೆಯವರು ದಿನಾ ಸಂಜೆ ಒಬ್ಬರಿಗೊಬ್ಬರು ಬೇಲಿಯ ಆಚೆಯಿಂದಲೇ ವರದಿ ಕೊಡುತ್ತಿದ್ದೆವು, "ನಮ್ಮದಕ್ಕೆ ಗಂಟಿಲ್ಲ, ನಿಮ್ಮದಕ್ಕೆ?" ಅಂತ. ಕೇಳಿದವರಿಗೆ ಪಂಚಾಯಿತಿ ಸಭೆಯ ಹಾಗೆ ಇರುತ್ತಿತ್ತು.

ಸಂಜೆ ಹಟ್ಟಿಗೆ ಬಂದ ಮೇಲೆ ಉಣುಗು ನೋಡಬೇಕು. ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲಿನ ಸಂದು. ಇದರಲ್ಲಿ ದನದ ಆರೋಗ್ಯದ ಜೊತೆ ನಮ್ಮದೂ ಸೇರಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ 1982-83ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿಗೇ ಬಂದಿತ್ತು, ಗೇರು ತೋಪು ಮಾಡಲೆಂದು ಕಾಡು ಕಡಿದ ಕಡೆ. ಎಷ್ಟೋ ಜನ ತೀರಿಕೊಂಡರು. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಹೋದ ದನದ ಮೈಮೇಲೆ ಉಣುಗು ರಕ್ತ ಕುಡಿದು ಹೆಚ್ಚುತ್ತದೆ. ಆ ವರ್ಷದ ಮಾತು ಬಂದರೆ ಅತ್ತೆ ಈಗಲೂ ದನಿ ತಗ್ಗಿಸುತ್ತಾರೆ. ಉಣುಗನ್ನು ಬೆರಳಲ್ಲಿ ಒರೆಸಿ ಒಡೆಯಬೇಡಿ. ಚಿಮುಟದಲ್ಲಿ ಬುಡದಿಂದ ಹಿಡಿದು ತೆಗೆದು ಸೋಪಿನ ನೀರಿಗೆ ಹಾಕಿ, ಕೈ ತೊಳೆಯಿರಿ. ಬೇಸಿಗೆಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಉಣುಗು ಸೀರೆಯ ನೆರಿಗೆಗೆ ಹತ್ತುತ್ತದೆ. ಗುಡ್ಡೆಯಿಂದ ಬಂದವಳು ಅದೇ ಸೀರೆಯಲ್ಲಿ ಹಾಸಿಗೆ ಮೇಲೆ ಕುಳಿತುಕೊಳ್ಳಬಾರದು ಎಂಬುದು ನಮ್ಮ ಮನೆಯ ಕಾನೂನು.

ನೋಡುವ ಕೆಲಸವನ್ನು ಈಗ ಮೂರು ಮನೆಯವರು ಸರದಿ ಮಾಡಿಕೊಂಡಿದ್ದೇವೆ. ವಾರದಲ್ಲಿ ಎರಡೆರಡು ದಿನ ಒಬ್ಬೊಬ್ಬರು. ಆದಿತ್ಯವಾರ ಯಾರಿಗೆ ಕಾಲು ಬರುತ್ತದೋ ಅವರು. ನಮ್ಮ ನಾದಿನಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನಿಗೆ ಈ ಸುದ್ದಿ ಹೇಳಿದಾಗ ಅಲ್ಲಿಯೂ ಇಂಥದ್ದೇ ಉಂಟು ಅಂದ. ನ್ಯೂ ಫಾರೆಸ್ಟ್ ಎಂಬ ಜಾಗದಲ್ಲಿ ಊರವರ ದನ, ಕುದುರೆಗಳು ಬಯಲಲ್ಲೇ ತಿರುಗಾಡುತ್ತವಂತೆ, ಹಳೆಯ ಕಾಲದಿಂದ ಬಂದ ಹಕ್ಕಂತೆ. ಅವನ್ನು ನೋಡಿಕೊಳ್ಳಲಿಕ್ಕೆ ಸಂಬಳದ ಜನ ಇದ್ದಾರೆ, ಕುದುರೆ ಮೇಲೆ ತಿರುಗುತ್ತಾರೆ. ವರ್ಷದ ಶುಲ್ಕ ಕಟ್ಟಿದ ಕುದುರೆಯ ಬಾಲದ ಕೂದಲನ್ನು ಗುರುತಿಗೆ ಕತ್ತರಿಸುತ್ತಾರೆ. ಸಂಬಳ ಅಂದದ್ದು ಕೇಳಿ ಪಕ್ಕದ ಮನೆಯ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟರು. "ನಮಗೆ ಕುದುರೆ ಬೇಡ ಮಾರಾಯ್ತಿ, ಒಂದು ಒಳ್ಳೆ ಕೊಡೆ ಕೊಟ್ಟರೆ ಸಾಕು" ಅಂದರು.

ನಗುವುದು ಬೇರೆ. ಗುಡ್ಡೆ ಮೊದಲಿನ ಹಾಗೆ ಇಲ್ಲ. 1980ರ ದಶಕದಲ್ಲಿ ಊರೂರಿನ ಪದವುಗಳಲ್ಲಿ ಅಕೇಶಿಯಾ ನೆಟ್ಟರು. ಬೇಗ ಬೆಳೆಯುತ್ತದೆ, ಸೌದೆಗೆ ಆಗುತ್ತದೆ ನಿಜ. ಆದರೆ ಅದರ ಒಣ ಎಲೆಯ ಅಡಿಯಲ್ಲಿ ಹುಲ್ಲು ಏಳುವುದಿಲ್ಲ, ಅದರ ಎಲೆಯನ್ನು ದನ ಮೂಸುವುದೂ ಇಲ್ಲ. ಉಳಿದ ಕಡೆ ನಾವು ಕಮ್ಯುನಿಸ್ಟ್ ಗಿಡ ಅನ್ನುವ ಪೊದೆ ಹಬ್ಬಿತು. ಯಾಕೆ ಆ ಹೆಸರೋ, ಕಿತ್ತಷ್ಟೂ ಹೆಚ್ಚಾಗುತ್ತದೆ ಅಂತ ಇರಬೇಕು. 1991ರಿಂದ ಅಕ್ರಮ-ಸಕ್ರಮದ ಅರ್ಜಿಗಳು ಬಂದವು. ಜಾಗವಿಲ್ಲದ ಬಡವರಿಗೆ ಒಂದಿಷ್ಟು ಜಾಗವಾಯಿತು, ಅದನ್ನು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಜಾಗ ಇದ್ದವರೂ ಬೇಲಿಯನ್ನು ನಾಲ್ಕು ಮಾರು ಮುಂದೆ ಹಾಕಿದರು. ಮತ್ತೆ ರಬ್ಬರು. ಮತ್ತೆ ಕೆಂಪುಕಲ್ಲಿನ ಕೋರೆ. ಕಲ್ಲು ತೆಗೆದು ಮುಗಿದ ಮೇಲೆ ಆ ಹೊಂಡವನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಗೋಡೆಯ ಹಾಗೆ ನೇರ ಕಡಿದ ಅಂಚು, ಮಳೆಗಾಲದಲ್ಲಿ ಎರಡಾಳು ನೀರು. ಬಿದ್ದ ದನ ಹತ್ತಿ ಬರಲಿಕ್ಕಿಲ್ಲ. ನಮ್ಮ ಗುಡ್ಡೆಯಲ್ಲೂ ಅಂಥದ್ದೊಂದು ಇದೆ.

ಆ ಕೋರೆಯ ಮಾತು ಬಂದದ್ದರಿಂದ 2023ರ ಸೋಣ ತಿಂಗಳಿನ ಸುದ್ದಿ ಹೇಳಲೇಬೇಕು. ನಮ್ಮ ಕೆಂಪಿಗೆ ದಿನ ತುಂಬಿತ್ತು. ಕೆಚ್ಚಲು ಇಳಿದಿತ್ತು, ಆದರೂ ಇನ್ನೂ ನಾಲ್ಕೈದು ದಿನ ಇದೆ ಎಂಬುದು ನಮ್ಮೆಲ್ಲರ ಅಂದಾಜು. ಆ ದಿನ ಸಂಜೆ ನಾಲ್ಕು ದನ ಬಂದವು, ಕೆಂಪಿ ಇಲ್ಲ. ಅರ್ಧ ಗಂಟೆಯ ಮೇಲೆ ಒಬ್ಬಳೇ ಇಳಿದು ಬಂದಳು. ಹೊಟ್ಟೆ ಒಳಗೆ ಹೋಗಿತ್ತು. ಹಿಂಗಾಲಿನ ಮೇಲೆ ರಕ್ತದ ಗೆರೆ. ಕೆಚ್ಚಲು ಒದ್ದೆ. ಅತ್ತೆ ಚಾವಡಿಯಿಂದಲೇ ಒಂದು ಸಲ ನೋಡಿ, "ಹಾಕಿ ಬಂದಿದ್ದಾಳೆ" ಅಂದರು.

ನಿಮಗೆ ಗೊತ್ತಿರಲಿ, ಗುಡ್ಡೆಯಲ್ಲಿ ಕರು ಹಾಕಿದ ಊರ ದನ ಅದನ್ನು ಪೊದೆಯೊಳಗೆ ಅಡಗಿಸಿ ಇಡುತ್ತದೆ. ಕರುವೂ ತಾಯಿ ಬರುವ ತನಕ ಕಮಕ್ ಕಿಮಕ್ ಅನ್ನದೆ ಬಿದ್ದುಕೊಂಡಿರುತ್ತದೆ. ನೀವು ಒಂದು ಮಾರು ದೂರದಲ್ಲಿ ಹಾದು ಹೋದರೂ ಕಾಣಲಿಕ್ಕಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಕತ್ತಲಾಗಲು ಒಂದು ಗಂಟೆಯೂ ಇರಲಿಲ್ಲ. ಚಿರತೆ ನಾಯಿಯನ್ನು ಹೊತ್ತುಕೊಂಡು ಹೋಗಿ ತಿಂಗಳು ಆಗಿರಲಿಲ್ಲ.

ಇವರು ಟಾರ್ಚು ಹಿಡಿದು ಹೊರಟೇಬಿಟ್ಟರು. "ಕೆಂಪಿಯನ್ನು ಕಟ್ಟಿ ಹಾಕಿ, ಕರುವನ್ನು ನಾನು ಹುಡುಕುತ್ತೇನೆ" ಅಂದರು. ಅತ್ತೆ ಬೇಡ ಅಂದರು. "ಇಡೀ ಗುಡ್ಡೆ ಎಲ್ಲಿ ಅಂತ ಹುಡುಕುತ್ತೀ ಮಗ? ಅವಳನ್ನು ಬಿಡು, ಅವಳೇ ಹೋಗುತ್ತಾಳೆ." ಕೆಂಪಿಗೆ ಬೆಲ್ಲ ಹಾಕಿದ ಬೆಚ್ಚಗಿನ ಗಂಜಿ ಕುಡಿಸಿ ಬಿಟ್ಟೆವು. ಅವಳು ಹತ್ತು ಹೆಜ್ಜೆ ಹೋಗಿ ನಿಂತಳು. ಹಿಂತಿರುಗಿ ನಮ್ಮನ್ನು ನೋಡಿದಳು. ಇವರು ಎರಡು ಹೆಜ್ಜೆ ಮುಂದೆ ಇಟ್ಟರೆ ಅವಳು ಹುಲ್ಲಿಗೆ ಬಾಯಿ ಹಾಕಿ, ತನಗೆ ಈ ಲೋಕದಲ್ಲಿ ಮೇಯುವುದಲ್ಲದೆ ಬೇರೆ ಕೆಲಸವೇ ಇಲ್ಲ ಎಂಬ ಹಾಗೆ ಮೇಯತೊಡಗಿದಳು! ಅತ್ತೆ ಒಳಗಿನಿಂದ ಕೂಗಿದರು: "ನೀವು ನೋಡುತ್ತಿದ್ದರೆ ಅವಳು ಹೋಗುವುದಿಲ್ಲ. ಒಳಗೆ ಬನ್ನಿ."

ಇವರನ್ನು ಒಳಗೆ ಕಳಿಸಿ ನಾನು ಮಾತ್ರ ಬಚ್ಚಲುಮನೆಯ ಗೋಡೆಯ ಮರೆಯಲ್ಲಿ ನಿಂತೆ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ಐದು ನಿಮಿಷವೋ ಹತ್ತು ನಿಮಿಷವೋ, ಕೆಂಪಿ ತಲೆ ಎತ್ತಿದಳು, ಸುತ್ತ ನೋಡಿದಳು, ಹೊರಟಳು. ಮೆಲ್ಲಗೆ ಅಲ್ಲ, ಬೀಸು ನಡಿಗೆ. ಕೊರಳಿನ ಮರದ ಗಂಟೆ ಮಳೆಯಲ್ಲಿ ಅಷ್ಟಿಷ್ಟೇ ಕೇಳುತ್ತಿತ್ತು. ನಾನು ಪೊದೆಯಿಂದ ಪೊದೆಗೆ ಅಡಗುತ್ತಾ ಹಿಂದೆ ಹೋದೆ. ನಲವತ್ತು ದಾಟಿದ ಗೃಹಿಣಿ ಚೀಲ ಹೊದ್ದುಕೊಂಡು ದನದ ಹಿಂದೆ ಪತ್ತೇದಾರಿ ಮಾಡುವುದನ್ನು ಯಾರಾದರೂ ನೋಡಿದ್ದರೆ ಏನು ಅಂದುಕೊಳ್ಳುತ್ತಿದ್ದರೋ!

ಅವಳು ಮದಕವನ್ನು ಬಳಸಿ ನೇರ ಕೋರೆಯ ಕಡೆಗೆ ಹೋದಳು. ನನ್ನ ಎದೆ ಧಸಕ್ ಅಂತು. ಹೊಂಡದ ಅಂಚಿನಿಂದ ಮೂರು ಮೊಳ ಈಚೆಗೆ ಒಂದು ಕೇಪಳದ ಪೊದೆ. ಕೆಂಪಿ ಅದರ ಹತ್ತಿರ ನಿಂತು ಗಂಟಲೊಳಗೇ ಒಂದು ಸದ್ದು ಮಾಡಿದಳು. ನಾವು ಕೇಳುವ ಅಂಬಾ ಅಲ್ಲ, ಹಸುಗೂಸನ್ನು ಎತ್ತಿಕೊಳ್ಳುವಾಗ ನಾವು ಮಾಡುತ್ತೇವಲ್ಲ, ಅಂಥದ್ದು. ಪೊದೆ ಅಲ್ಲಾಡಿತು. ಕಡು ಕಂದು ಬಣ್ಣದ, ಮೊಲಕ್ಕಿಂತ ಸ್ವಲ್ಪ ದೊಡ್ಡದು ಅನ್ನಬಹುದಾದ ಹೆಣ್ಣು ಕರು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟುಕೊಂಡು ಎದ್ದಿತು. ಎದ್ದದ್ದು ತಾಯಿಯ ಕಡೆಗೆ ಬರುವ ಬದಲು ಹಿಂದಕ್ಕೆ ಜಾರಿ ಕುಸಿಯಿತು. ಅಲ್ಲಿಂದಾಚೆ ನೀರು.

ಆಗ ಓಡಬಾರದು. ಓಡಿದರೆ ಕರು ಇನ್ನೂ ಹಿಂದೆ ಹೋಗುತ್ತದೆ, ತಾಯಿ ಹಾಯಲು ಬರುತ್ತದೆ. "ಕೆಂಪೀ, ಬಲಾ ಮಗಾ" ಅಂತ ದಿನಾ ಕರೆಯುವ ದನಿಯಲ್ಲೇ ಕರೆಯುತ್ತಾ, ಕೋರೆಯ ಅಂಚಿನ ಪಕ್ಕದಿಂದ ಸುತ್ತಿ ಹೋಗಿ, ನಾನು ನೀರಿಗೂ ಕರುವಿಗೂ ನಡುವೆ ಕುಳಿತೆ. ಕುಳಿತೇ ಅದನ್ನು ತೊಡೆಯ ಮೇಲೆ ಎಳೆದುಕೊಂಡೆ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ಅದರದ್ದೂ ನನ್ನದೂ. ಕೆಂಪಿ ಬಂದು ನನ್ನನ್ನೂ ಕರುವನ್ನೂ ಒಟ್ಟಿಗೆ ನೆಕ್ಕಿದಳು. ಅವಳ ನಾಲಗೆ ಅರದ ಹಾಗೆ. ಎರಡು ದಿನ ನನ್ನ ಮುಂಗೈ ಉರಿಯುತ್ತಿತ್ತು.

ಕರುವನ್ನು ಹೊತ್ತುಕೊಂಡು ಬರುವಾಗ ಒಂದು ಕ್ರಮ ಇದೆ. ಹೆಗಲ ಮೇಲೆ ಹಾಕಿಕೊಂಡು ಬಿರಬಿರನೆ ಬರಬಾರದು. ತಾಯಿಗೆ ಕರು ಕಾಣದಿದ್ದರೆ ಅದು ಇನ್ನೂ ಪೊದೆಯಲ್ಲೇ ಇದೆ ಅಂತ ಹಿಂದೆ ಓಡುತ್ತದೆ. ತಗ್ಗಿಸಿ, ತಾಯಿಯ ಮೂಗಿಗೆ ತಾಗುವ ಹಾಗೆ ಹಿಡಿದು, ನಿಂತು ನಿಂತು ಬರಬೇಕು. ಅರ್ಧ ದಾರಿಗೆ ಇವರು ಟಾರ್ಚು ಹಿಡಿದುಕೊಂಡು ಬಂದರು. ಇಬ್ಬರೂ ಸರದಿಯಲ್ಲಿ ಹೊತ್ತೆವು. ಮನೆಗೆ ಬರುವಾಗ ಪೂರಾ ಕತ್ತಲೆ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಬೈಹುಲ್ಲಿನಲ್ಲಿ ಮೈ ಉಜ್ಜಿ, ಮೊಲೆಗೆ ಬಾಯಿ ಕೊಟ್ಟೆವು. ಸತ್ತೆ ಬೀಳುವ ತನಕ ಅತ್ತೆ ನಿದ್ದೆ ಮಾಡಲಿಲ್ಲ. ಅದನ್ನು ಎಳೆಯಲಿಕ್ಕೆ ಬಿಡಬಾರದು, ತಾನಾಗಿ ಬೀಳಬೇಕು. ಮರುದಿನದ ತನಕ ಬೀಳದಿದ್ದರೆ ಡಾಕ್ಟರು ಬರಬೇಕು. ರಾತ್ರಿ ಹನ್ನೊಂದಕ್ಕೆ ಬಿತ್ತು.

ಗಿಣ್ಣಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ನಮ್ಮಲ್ಲಿ ಮೊದಲ ದಿನದ್ದು ಕರುವಿಗೇ, ಹಿಂಡುವುದಿಲ್ಲ. ಊರ ದನಕ್ಕೆ ಇರುವುದೇ ಅಷ್ಟು. ಮೂರನೆಯ ದಿನದ ಹಾಲು ಒಂದು ಲೋಟ ತೆಗೆದು, ಅದಕ್ಕೆ ಅರ್ಧ ಅಚ್ಚು ಬೆಲ್ಲ, ಎರಡು ಏಲಕ್ಕಿ ಸೇರಿಸಿ, ಬೆಲ್ಲ ಕರಗಿದ ಮೇಲೆ ಸೋಸಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿಟ್ಟರೆ ಗಟ್ಟಿಯಾಗುತ್ತದೆ. ಪೂರಾ ಆರಿದ ಮೇಲೆ ಕತ್ತರಿಸಿ. ಪಕ್ಕದ ಎರಡು ಮನೆಗೂ ಒಂದೊಂದು ತುಂಡು ಹೋಯಿತು.

ಗಿಣ್ಣು ತಿನ್ನುತ್ತಲೇ ಇವರು ಮಾತು ತೆಗೆದರು. "ಸಾಕು ಇನ್ನು. ಕೋರೆಯಂತೆ, ಚಿರತೆಯಂತೆ, ಬೇಲಿಯಂತೆ. ಒಂದು ದಿನ ಕೋರೆಗೆ ಬೀಳುವುದು ದನ ಅಲ್ಲ, ನೀನು. ಎಲ್ಲ ಕೊಟ್ಟು ಒಂದು ಜೆರ್ಸಿ ಕಟ್ಟುವ. ಡೈರಿಗೆ ಹಾಲು ಹಾಕಿದರೆ ವಾರಕ್ಕೆ ದುಡ್ಡು ಬರುತ್ತದೆ." ಹೇಳಿದ್ದರಲ್ಲಿ ಸುಳ್ಳು ಏನೂ ಇಲ್ಲ. ಮಗಳ ಕಾಲೇಜು ಫೀಸಿಗೆ ಊರ ದನದ ಅರ್ಧ ಲೀಟರು ಆಗುವುದಿಲ್ಲ. ನಾನು ಎದುರು ಮಾತಾಡಲಿಲ್ಲ. ಮಗಳ ಹಳೆಯ ನೋಟುಬುಕ್ಕು ತೆಗೆದು ಲೆಕ್ಕ ಬರೆದೆ. ಜೆರ್ಸಿಯ ಬೆಲೆ, ಹಿಂಡಿ, ಹಸಿ ಹುಲ್ಲು, ಡಾಕ್ಟರು ಒಂದು ಕಡೆ. ಇನ್ನೊಂದು ಕಡೆ ಈ ಐದು ದನಗಳಿಂದ ವರ್ಷಕ್ಕೆ ತೋಟಕ್ಕೆ ಹೋಗುವ ಹಟ್ಟಿಗೊಬ್ಬರ. ಅಷ್ಟು ಬುಟ್ಟಿ ಗೊಬ್ಬರವನ್ನು ಲೋಡಿನ ಲೆಕ್ಕದಲ್ಲಿ ಕೊಂಡರೆ ಎಷ್ಟು ಅಂತ ಇವರೇ ಹೇಳಲಿ ಅಂತ ಆ ಜಾಗ ಖಾಲಿ ಬಿಟ್ಟೆ. ಕಟ್ಟಿ ಸಾಕುವ ದನಕ್ಕೆ ದಿನಕ್ಕೆ ಎಷ್ಟು ಗಂಟೆ ಕೆಲಸ, ಅದು ಯಾರದ್ದು ಅಂತಲೂ ಬರೆದೆ. ಲೆಕ್ಕ ಒಂದು ವಾರ ದೇವರ ಕೋಣೆಯ ಗೂಡಿನಲ್ಲಿ ಇತ್ತು. ಒಂದು ದಿನ ಆ ಖಾಲಿ ಜಾಗದಲ್ಲಿ ಇವರ ಅಕ್ಷರದಲ್ಲಿ ಒಂದು ಮೊತ್ತ ಬಂದಿತ್ತು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಗಂಡಸರ ಕ್ರಮ ನಿಮಗೆ ಗೊತ್ತೇ ಇದೆ. ಕೊನೆಗೆ ಎರಡನ್ನು ನಾರಾವಿ ಕಡೆಯ ನೆಂಟರ ಮನೆಗೆ ಕೊಟ್ಟೆವು. ಅಲ್ಲಿ ಇನ್ನೂ ಗುಡ್ಡೆ ಉಂಟು. ಕೆಂಪಿ, ಬೊಳ್ಳಿ, ಕಾಳಿ, ಮತ್ತೆ ಆ ಕರು ಇಲ್ಲೇ ಉಳಿದವು. ಕೊಟ್ಟ ಎರಡರಲ್ಲಿ ಒಂದು ನಾನು ಮದುವೆಯಾಗಿ ಬಂದ ವರ್ಷದ ದನದ ಮೊಮ್ಮಗಳು. ಅದು ಗಾಡಿ ಹತ್ತುವಾಗ ನಾನು ಅಡಿಗೆಮನೆಯಲ್ಲಿದ್ದೆ.

ಇಷ್ಟಾಗುವಾಗ ಮದಕದ ಈಚೆಗಿನ ಪಟ್ಟಾ ಜಾಗವನ್ನು ಮುಂಬಯಿಯಿಂದ ಊರಿಗೆ ವಾಪಸು ಬಂದವರೊಬ್ಬರು ಕೊಂಡರು. ರಬ್ಬರು ಹಾಕಲಿಕ್ಕೆ. ಕಲ್ಲುಕಂಬ ನೆಟ್ಟು ತಂತಿ ಎಳೆದರು. ದನಗಳು ತಲೆತಲಾಂತರದಿಂದ ನೀರಿಗೆ ಹೋಗುತ್ತಿದ್ದ ದಾರಿ ಆ ತಂತಿಯ ಒಳಗೆ ಸೇರಿಹೋಯಿತು. ಅವರ ಜಾಗ, ಅವರ ದುಡ್ಡು, ಕೇಳುವ ಹಕ್ಕು ನಮಗಿಲ್ಲ. ಗಂಡಸರು ಕೇಳಿದರೆ ಜಗಳವಾದೀತು ಅಂತ ನಾವು ಮೂವರು ಹೆಂಗಸರೇ ಹೋದೆವು. ಖಾಲಿ ಕೈಯಲ್ಲಿ ಅಲ್ಲ, ಒಂದು ಡಬ್ಬಿ ತುಪ್ಪ ಹಿಡಿದುಕೊಂಡು.

"ಅಣ್ಣ, ಹಕ್ಕು ಕೇಳಲಿಕ್ಕೆ ಬಂದದ್ದಲ್ಲ, ದಾರಿ ಕೇಳಲಿಕ್ಕೆ ಬಂದದ್ದು" ಅಂದೆ.

ಅವರು ಒಳ್ಳೆಯವರೇ. ಆದರೆ ದನ ಒಳಗೆ ಬಂದರೆ ಎಳೆಯ ರಬ್ಬರು ಗಿಡದ ಗತಿ ಏನಾಗುತ್ತದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. "ಗಿಡಕ್ಕೆ ಇಂತಿಷ್ಟು ಅಂತ ಕೊಟ್ಟಿದ್ದೇನೆ ಅಕ್ಕ. ನಿಮ್ಮ ದನ ಒಂದು ಗಿಡ ತಿಂದರೆ ಯಾರು ಜವಾಬ್ದಾರಿ?" ಅಂದರು. ಬೇರೆಯವರ ಬೆಳೆಗೆ ನುಗ್ಗಿದ ದನವನ್ನು ದೊಡ್ಡಿಗೆ ಕೂಡಲಿಕ್ಕೆ ಕಾಯಿದೆಯೇ ಇದೆ. ಆ ಮಾತನ್ನು ಅವರು ಆಡಲಿಲ್ಲ, ನಾವೂ ನೆನಪಿಸಲಿಲ್ಲ. ಪಕ್ಕದ ಮನೆಯ ಅಕ್ಕ ಹೇಳಿದರು, "ನಿಮ್ಮ ಬೇಲಿಯ ಬದಿಗೆ ಒಂದು ಎಂಟಡಿ ಬಿಡಿ, ಎರಡು ಕಡೆ ದಣಪೆ ಹಾಕಿ. ಬೆಳಿಗ್ಗೆ ಸಂಜೆ ನಾವೇ ದಾಟಿಸುತ್ತೇವೆ. ಒಂದು ಎಲೆ ಹೋದರೂ ದಣಪೆ ಮುಚ್ಚಿ, ಮತ್ತೆ ನಿಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ." ದಣಪೆ ಅಂದರೆ ಎರಡು ಕಂಬದ ತೂತಿನಲ್ಲಿ ಬಿದಿರಿನ ಗಳು ತೂರಿಸಿ, ಬೇಕಾದಾಗ ಸರಿಸುವ ಹಳೆಯ ಕಾಲದ ಬಾಗಿಲು.

ಅವರು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ತುಪ್ಪ ಮಾತ್ರ ಇಟ್ಟುಕೊಂಡರು. ಹದಿನೈದು ದಿನದ ಮೇಲೆ ಆಳುಗಳು ಒಂದು ಸಾಲು ಕಂಬವನ್ನು ಕಿತ್ತು ಒಳಗೆ ನೆಡುತ್ತಿದ್ದದ್ದು ಹಟ್ಟಿಯ ಹಿಂದಿನಿಂದ ಕಂಡಿತು. ಅತ್ತೆಗೆ ಹೇಳಿದೆ. "ಎಂಟಡಿ ಉಂಟಾ, ಅಳೆದು ನೋಡು" ಅಂದರು. ಅಳೆದೆ, ಏಳೂವರೆ ಇತ್ತು. ಊರ ದನಕ್ಕೆ ಧಾರಾಳ.

ಹೀಗಾಗಿ ನಮ್ಮ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲು ದಿನಕ್ಕೊಮ್ಮೆ ಗುಡ್ಡೆ ಹತ್ತಿದರೆ ಸಾಕಿತ್ತು. ಈಗ ದಣಪೆ ತೆಗೆದು ಹಾಕಲು ಬೆಳಿಗ್ಗೆ ಒಮ್ಮ, ಸಂಜೆ ಒಮ್ಮೆ, ನಡುವೆ ನೋಡಲು ಒಮ್ಮೆ. ಕೋರೆಯ ಅಂಚಿಗೆ ನಾವೇ ಮುಳ್ಳು ಕಡಿದು ಒಡ್ಡಿದ್ದೇವೆ, ಪ್ರತೀ ಮಳೆಗಾಲಕ್ಕೂ ಹೊಸದಾಗಿ ಒಡ್ಡಬೇಕು. ಆ ಕರುವಿಗೆ ಈಗ ಕೊಂಬು ಮೂಡಿದೆ, ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಬಿದ್ದಿದೆ, ತಾಯಿಗಿಂತ ಮೊದಲೇ ದಣಪೆಯ ಹತ್ತಿರ ಬಂದು ನಿಲ್ಲುತ್ತದೆ. ಜಾಗದ ಅಣ್ಣ ಸಂಜೆ ಟೋಪಿ ಹಾಕಿಕೊಂಡು ಬಂದು ಬೇಲಿಯ ಬದಿಯ ರಬ್ಬರು ಗಿಡ ಎಣಿಸುತ್ತಾರೆ. ಈಚೆ ಬದಿಯಲ್ಲಿ ನಿಂತು ನಾವು ದನ ಎಣಿಸುತ್ತೇವೆ. ಇವತ್ತಿನ ತನಕ ಎರಡು ಕಡೆಯ ಲೆಕ್ಕವೂ ಸರಿಯಾಗಿದೆ.